ಪಕ್ಕದ ಬಾಗಿಲಿನ ಬೋರ್ಡು

ಫೆಬ್ರವರಿ ೯

ಗಾಡಿರಾಣಿಯಾದ ನನ್ನ ಅಕ್ಕನ ಮಗಳಿಗೆ,

ಮಾವನ ಆಶೀರ್ವಾದ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಪತ್ರದ ಅಕ್ಷರ ನೋಡಿದರೇ ಗೊತ್ತಾಯಿತು, ಒಂದೊಂದೂ ಬ್ರೇಕು ಹಾಕಿ ಮುಗ್ಗರಿಸಿದ ಹಾಗಿದೆ.

ವಿಷಯ ಪೂರ್ತಿ ಅರ್ಥವಾಯಿತು. ಅಕ್ಕನ ಕಣ್ಣಿಗೆ ಸೂಜಿ ಹಾಕಿಸಲು ನಮ್ಮೂರಿನ ದೊಡ್ಡಾಸ್ಪತ್ರೆಗೆ ಬಂದಿದ್ದೀಯ. ಮುಂದಿನ ಬಾಗಿಲಲ್ಲಿ ಗಾಡಿಗಳ ಸಾಲು. ಕಣ್ಣಿನ ವಿಭಾಗ ಇರುವುದು ಪಕ್ಕದ ಬಾಗಿಲ ಹತ್ತಿರ. ಅವಳಿಗೆ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲವೆಂದು ಪಕ್ಕದ ಬೀದಿಯಲ್ಲಿ ವ್ಯಾನು ನಿಲ್ಲಿಸಿ, ಕೈ ಹಿಡಿದು ಒಳಗೆ ಕೂರಿಸಿ ಬರುವಷ್ಟರಲ್ಲಿ ನಗರಸಭೆಯವನು ಗಾಜಿಗೆ ದಂಡದ ಚೀಟಿ ಸಿಕ್ಕಿಸಿ ಮಾಯವಾಗಿದ್ದಾನೆ. ಇಷ್ಟು ಹತ್ತಿರ ಬಂದವಳು ಮಾವನ ಮನೆಗೆ ಬರದೆ ಹೋದೆಯಲ್ಲ, ಅದಕ್ಕೇ ಆಗಿದ್ದು. ಇರಲಿ.

ನಿನಗೆ ಒಂದು ವರ್ಷದೊಳಗೆ ಇದು ಮೂರನೆಯ ಚೀಟಿ ಎಂದು ಬರೆದಿದ್ದೀಯ. ಮೊದಲೆರಡನ್ನು ನಿಮ್ಮೂರಿನಲ್ಲೇ ಸುಮ್ಮನೆ ತಲೆ ಬಗ್ಗಿಸಿ ಕಟ್ಟಿದ್ದೀಯ. ಈ ಮೂರನೆಯದೂ ಖಾಯಂ ಆದರೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಪರವಾನಗಿ ರದ್ದು. ಪರವಾನಗಿ ಹೋದರೆ ವ್ಯಾನು ಹೋಯಿತು. ವ್ಯಾನು ಹೋದರೆ ಅಕ್ಕನನ್ನು ತಿಂಗಳು ತಿಂಗಳು ಕರೆದುಕೊಂಡು ಬರುವವರು ಯಾರು? ಸೂಜಿ ತಪ್ಪಿದರೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ನೀನು ಎರಡು ಗೆರೆ ಎಳೆದು ಬರೆದಿದ್ದೀಯ. ನನಗೆ ಒಂದು ಗೆರೆ ಸಾಕಿತ್ತು ಮಗಳೇ, ನಾನೇನು ದಡ್ಡನಲ್ಲ.

ಈಗ ಕೇಳು. ದಂಡ ಕಟ್ಟಬೇಡ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ, ಆಮೇಲೆ ಯಾರಪ್ಪ ಬಂದರೂ ಆಗುವುದಿಲ್ಲ. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ತಕರಾರಿನ ಗಡುವು ಇರುತ್ತದೆ, ಅದರೊಳಗೆ ತಕರಾರು ಅರ್ಜಿ ಹೋಗಬೇಕು. ಕೈಯಲ್ಲಿ ಕೊಡಬೇಡ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು. ಕೈಯಲ್ಲಿ ಕೊಟ್ಟ ಕಾಗದದಲ್ಲಿ ಅವರು ಬೋಂಡಾ ಕಟ್ಟುತ್ತಾರೆ. ಗೋಳು ತೋಡಿಕೊಳ್ಳಬೇಡ, ಅಮ್ಮನ ಕಣ್ಣು, ಮಕ್ಕಳ ಶಾಲೆ ಏನೂ ಬೇಡ. ಎಲ್ಲಿ ನಿಲ್ಲಿಸಿದೆ, ಯಾಕೆ ಚೀಟಿ ತಪ್ಪು, ಸಾಕ್ಷಿ ಏನು, ಅಷ್ಟೇ.

ನಗರಸಭೆಯ ಮರ್ಮ ನನಗಿಂತ ಚೆನ್ನಾಗಿ ಗೊತ್ತಿರುವವನು ಈ ಊರಿನಲ್ಲಿಲ್ಲ. ಅದರ ಅರ್ಧ ಬೋರ್ಡು ಬರೆದವನೇ ನಾನು. ಅಧ್ಯಕ್ಷರ ಹೆಸರಿನ ಫಲಕ ಬರೆಯುವಾಗ ಅಧ್ಯಕ್ಷರೇ ಏಣಿ ಹಿಡಿದುಕೊಂಡಿದ್ದರು. (ಹಿಡಿದುಕೊಂಡದ್ದು ಜವಾನ. ಅಧ್ಯಕ್ಷರು ಆ ಕಡೆ ಹಾದುಹೋದದ್ದು ನಿಜ.) ಆ ಪಕ್ಕದ ಬಾಗಿಲಿನ ಬೋರ್ಡೂ ನನ್ನ ಕೈಯದೇ. ಅದರ ಕೊನೆಯ ಸಾಲು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ: ‘ರೋಗಿಗಳನ್ನು ಇಳಿಸುವ ವಾಹನಗಳಿಗೆ ವಿನಾಯಿತಿ’. ಅಷ್ಟು ಸಾಕು. ನೀನು ಗೆದ್ದೆ ಎಂದುಕೋ.

ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಮೇಷ್ಟರನ್ನು ಬೆರಗುಗೊಳಿಸಿದ, ಅಕ್ಷರಗಳ ದೊರೆಯಾದ
ನಿನ್ನ ಮಾವ


ಫೆಬ್ರವರಿ ೧೬

ಪ್ರೀತಿಯ ಮಾವ,

ಪತ್ರ ಬಂತು. ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಏಣಿಯ ಜಾಗ ಬಂದಾಗ ನಕ್ಕಳು. ‘ಆ ಡಂಗುರನ ಮಾತು ಅರ್ಧಕ್ಕೆ ಅರ್ಧ ತೆಗೆದು ಕೇಳು, ಉಳಿದದ್ದರಲ್ಲೂ ಸ್ವಲ್ಪ ತೆಗಿ’ ಅಂದಳು. ಆದರೂ ಕೊನೆಯ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡಳು.

ಮಾವ, ವಿನಾಯಿತಿಯ ಸಾಲು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಯಾಕೆಂದರೆ ಆ ಬೋರ್ಡಿನಲ್ಲಿ ಏನೂ ಇಲ್ಲ. ಪೂರ್ತಿ ತುಕ್ಕು. ಮೇಲೆ ಎಲ್ಲೋ ಒಂದು ಅಕ್ಷರದ ಬಾಲ ಕಾಣುತ್ತದೆ ಅಷ್ಟೇ. ಅದಕ್ಕೇ ನಾನು ಅಲ್ಲಿ ನಿಲ್ಲಿಸಿದ್ದು. ತಕರಾರು ವಿಭಾಗಕ್ಕೆ ಫೋನು ಮಾಡಿದ್ದೆ. ಗುಮಾಸ್ತೆ ಒಳ್ಳೆಯವಳು, ದನಿ ತಗ್ಗಿಸಿ ಹೇಳಿದಳು: ‘ಬೋರ್ಡು ಓದೋಕೆ ಬರಲ್ಲ ಅಂತ ಒಂದು ಫೋಟೋ ಇಡಿ. ಮಿಕ್ಕಿದ್ದೆಲ್ಲ ಯಾರೂ ಓದಲ್ಲ. ಅದೊಂದೇ ನಿಲ್ಲೋದು.’

ನಾನು ಆ ಸಂಜೆ ಫೋನಿನಲ್ಲಿ ತೆಗೆದದ್ದರಲ್ಲಿ ವ್ಯಾನಿನ ಹಿಂಭಾಗವೂ ನನ್ನ ಹೆಬ್ಬೆರಳೂ ಬಂದಿವೆ, ಬೋರ್ಡು ಮಾತ್ರ ಬಂದಿಲ್ಲ. ಮತ್ತೆ ಅಲ್ಲಿಗೆ ಬಂದು ಹೋಗಲು ಮಕ್ಕಳ ಗಾಡಿ ಬಿಟ್ಟು ಒಂದು ದಿನವೂ ಸಿಗುತ್ತಿಲ್ಲ. ನೀನು ಅದೇ ಊರಿನಲ್ಲಿದ್ದೀಯ. ಹಗಲು ಹೊತ್ತಿನಲ್ಲಿ ಒಂದು ಫೋಟೋ ತೆಗೆಸಿ ಕಳಿಸು. ಬೋರ್ಡು ಇದ್ದ ಹಾಗೆ, ಅಷ್ಟೇ. ಅರ್ಜಿಯನ್ನು ನಾಳೆಯೇ ಹಾಕುತ್ತೇನೆ, ಫೋಟೋ ಹಿಂದೆ ಬರುತ್ತದೆ ಎಂದು ಬರೆದು.

ಇದೊಂದು ಮಾಡಿಕೊಡು ಮಾವ. ನನಗೆ ಬೇರೆ ಯಾರೂ ಇಲ್ಲ ಅಲ್ಲಿ.

ನಿನ್ನ ಸೊಸೆ


ಫೆಬ್ರವರಿ ೨೪

ಮಗಳೇ,

ಇದರ ಜೊತೆಗಿರುವ ಫೋಟೋವನ್ನು ಮೊದಲು ನೋಡು, ಆಮೇಲೆ ಪತ್ರ ಓದು. ಕ್ಯಾಲೆಂಡರಿನ ಅಗಲಕ್ಕೆ ದೊಡ್ಡದು ಮಾಡಿಸಿದ್ದೇನೆ. ಮಡಿಸಬೇಡ.

ನೋಡಿದೆಯಾ? ಈಗ ಹೇಳುತ್ತೇನೆ.

ಸ್ಟುಡಿಯೋದವನನ್ನು ಕರೆದುಕೊಂಡು ಹೋದೆ. ಅವನು ಬೋರ್ಡಿನ ಮುಂದೆ ನಿಂತು, ‘ಏನಣ್ಣ, ಈ ತಗಡಿನ ಫೋಟೋ ತೆಗೆಯೋಕೆ ನನ್ನ ಇಷ್ಟು ದೂರ ನಡೆಸಿದ್ಯಾ? ಯಾವನು ಬರೆದಿದ್ದು ಇದು, ಕೋಳಿ ಕೆದರಿದ ಹಾಗಿದೆ’ ಅಂದ. ಅಂದು ಕ್ಯಾಮೆರಾ ಎತ್ತಿಯೂ ಬಿಟ್ಟ. ನಾನು ಅಡ್ಡ ಕೈ ಹಿಡಿದೆ. ‘ನಿಲ್ಲಪ್ಪ, ಇವತ್ತು ಬೇಡ, ನಾಳೆ ಮಧ್ಯಾಹ್ನ ಬಾ’ ಅಂದೆ. ಯಾಕೆ ಹೇಳು? ಓದಲಿಕ್ಕೆ ಬರುವುದಿಲ್ಲ ಎಂದು ತಕರಾರು ಹಾಕುವುದು ಬಡಪಾಯಿಗಳ ದಾರಿ. ನಮ್ಮ ಹತ್ತಿರ ವಿನಾಯಿತಿಯ ಸಾಲೇ ಇರುವಾಗ ಅದನ್ನು ತುಕ್ಕಿನಡಿಯಲ್ಲಿ ಬಿಟ್ಟು ಭಿಕ್ಷೆ ಬೇಡುವುದೇ? ಆ ಸಾಲನ್ನು ಎಬ್ಬಿಸಿ ಅವರ ಮುಖಕ್ಕೆ ಹಿಡಿಯಬೇಕು.

ಮರುದಿನ ಬೆಳಿಗ್ಗೆ ಉಪ್ಪುಕಾಗದ, ಥಿನ್ನರು, ಎರಡು ಡಬ್ಬಿ ಬಣ್ಣ, ನನ್ನ ಅಳಿಲುಬಾಲದ ಬ್ರಷ್ಷು ತೆಗೆದುಕೊಂಡು ಏಣಿ ಹಾಕಿದೆ. ಬಣ್ಣ ಉದುರಿಹೋದರೂ ಅದು ಇದ್ದ ಜಾಗ ತಗಡಿನ ಮೇಲೆ ಸ್ವಲ್ಪ ಉಬ್ಬಿಕೊಂಡಿರುತ್ತದೆ ಮಗಳೇ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಬೆರಳಾಡಿಸಿ, ಹಿಂದೆ ಬ್ರಷ್ಷು ಬಿಡುತ್ತ ಹೋದೆ. ಇಷ್ಟು ವರ್ಷದ ಮೇಲೆ ನನ್ನ ಕೈ ನನಗೇ ಸಿಕ್ಕಿತು. ಜನ ನಿಂತು ನೋಡಿದರು. ಟೀ ಅಂಗಡಿಯವಳು, ‘ನಗರಸಭೆಯವರಿಗೆ ಇವತ್ತಾದರೂ ಜ್ಞಾನೋದಯ ಆಯ್ತಾ?’ ಅಂದಳು. ‘ಆಯ್ತಮ್ಮ’ ಅಂದೆ. ಟೀಗೆ ಕಾಸು ತೆಗೆದುಕೊಳ್ಳಲಿಲ್ಲ. ಮೊದಲ ಸಾಲು, ‘ವಾಹನ ನಿಲ್ಲಿಸಬಾರದು’. ಎಂಟಾಳು ಕೂಗಿದ ಹಾಗಿದೆ. ಎರಡನೆಯ ಸಾಲು, ‘ಬೆಳಗಿನಿಂದ ಸಂಜೆಯವರೆಗೆ’. ಮೇಲಿನಿಂದ ಕೆಳಕ್ಕೆ ಬರೆಯುವುದು ನಮ್ಮ ಕಸುಬಿನ ಕ್ರಮ, ಇಲ್ಲದಿದ್ದರೆ ಹಸಿ ಬಣ್ಣಕ್ಕೆ ಮೊಣಕೈ ತಾಗುತ್ತದೆ.

ಕೊನೆಯ ಸಾಲಿನಲ್ಲಿ ಒಂದು ಸಣ್ಣ ವ್ಯತ್ಯಾಸ ಬಂದಿದೆ. ರೋಗಿಗಳ ಮಾತು ಇರುವುದೇನೋ ಇದೆ. ಆದರೆ ತಗಡಿನ ಮೇಲೆ ಸಿಕ್ಕಿದ್ದು ‘ರೋಗಿಗಳ ವಾಹನಗಳು ಮುಂದಿನ ಬಾಗಿಲಿಗೆ ಹೋಗತಕ್ಕದ್ದು’ ಎಂದು. ನನ್ನ ಕೈ ಬರೆದದ್ದನ್ನು ನನ್ನ ತಲೆ ಬೇರೆ ಥರ ಇಟ್ಟುಕೊಂಡಿತ್ತು ಅಂತ ಕಾಣುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ನಿನ್ನ ಮಾವ ಬೋರ್ಡಿನಲ್ಲಿ ಸುಳ್ಳು ಬರೆಯುವವನಲ್ಲ, ಬಾಯಲ್ಲಿ ಹೇಳಿದರೂ.

ಚಿಂತೆ ಮಾಡಬೇಡ. ಇದಕ್ಕೂ ಒಂದು ದಾರಿ ನನ್ನ ತಲೆಯಲ್ಲಿದೆ.

ಕೈ ಇನ್ನೂ ನಡುಗದ
ನಿನ್ನ ಮಾವ


ಮಾರ್ಚ್ ೨

ಮಾವ,

ಫೋಟೋ ಸಿಕ್ಕಿತು. ಮಡಿಸಿಲ್ಲ.

ಅಮ್ಮನಿಗೆ ಕಿಟಕಿಯ ಹತ್ತಿರ ಹಿಡಿದು ತೋರಿಸಿದೆ. ಮೂರು ಸಾಲನ್ನೂ ಓದಿದಳು. ‘ಡಂಗುರನ ಕೈ ಕೆಟ್ಟಿಲ್ಲ’ ಅಂದಳು. ಒಳಗೆ ಹೋದಳು.

ನಗರಸಭೆಗೆ ಕಳಿಸಲು ನನ್ನ ಹತ್ತಿರ ಈಗ ಏನೂ ಇಲ್ಲ. ಬಣ್ಣ ಹಸಿ ಇತ್ತಲ್ಲ, ಥಿನ್ನರು ಕೈಯಲ್ಲೇ ಇತ್ತಲ್ಲ. ಕೊನೆಯ ಸಾಲು ಸಿಕ್ಕಿದಾಗಲಾದರೂ ಒರೆಸಿಬಿಡಬಹುದಿತ್ತಲ್ಲ ಮಾವ?

ಏಪ್ರಿಲ್ ಐದಕ್ಕೆ ವಿಚಾರಣೆ ಇಟ್ಟಿದ್ದಾರೆ. ಅವತ್ತು ಶಾಲೆಯಲ್ಲಿ ಪರೀಕ್ಷೆ, ಮಕ್ಕಳನ್ನು ಬಿಟ್ಟು ಬರಲಾಗುವುದಿಲ್ಲ. ನನ್ನ ಪರವಾಗಿ ನೀನು ಮಾತಾಡಬಹುದು ಎಂದು ಬರೆದು ಸಹಿ ಮಾಡಿ ಇದರಲ್ಲಿಟ್ಟಿದ್ದೇನೆ. ಬೋರ್ಡು ಬರೆದದ್ದು ಫೆಬ್ರವರಿಯಲ್ಲಿ, ಚೀಟಿ ಹಾಕಿದ ಮೇಲೆ, ನಾನೇ ಬರೆದೆ ಎಂದು ಹೇಳು. ಬೇರೆ ಏನೂ ಹೇಳಬೇಡ. ಏಣಿಯ ಕಥೆ ಬೇಡ.

ನಿನ್ನ ಸೊಸೆ


ಏಪ್ರಿಲ್ ೬

ಮಗಳೇ,

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಒರೆಸಿದ್ದರೂ ತುಕ್ಕು ವಾಪಸು ಬರುತ್ತಿರಲಿಲ್ಲ, ಉಜ್ಜಿ ತೆಗೆದಾಗಿತ್ತು. ಬರೀ ಹೊಳೆಯುವ ತಗಡು ಉಳಿಯುತ್ತಿತ್ತು. ಅದಾದರೂ ಉಳಿಯಬಹುದಿತ್ತು, ಹೌದು. ಬಟ್ಟೆ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಕೆಳಗೆ ನಿಂತವರೊಬ್ಬರು ‘ಎಂಥ ಕೈ ರೀ’ ಅಂದರು. ಬಟ್ಟೆ ಜೇಬಿಗೆ ಹೋಯಿತು.

ನಿನ್ನೆಯ ಕಥೆ ಹೇಳುತ್ತೇನೆ. ಇಸ್ತ್ರಿ ಅಂಗಿ ಹಾಕಿಕೊಂಡು, ಬ್ರಷ್ಷಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೋದೆ. ಮಹಡಿಯ ಮೇಲಿನ ಕೋಣೆ, ತಿರುಗದ ಫ್ಯಾನು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮೇಜು. ಮೇಜಿನ ಹಿಂದೆ ವಿಚಾರಣೆಯ ಅಮ್ಮ. ಕೆಟ್ಟವಳಲ್ಲ, ಸುಸ್ತಾದವಳು. ನಿನ್ನ ಅರ್ಜಿ ಓದಿ, ಅವರ ಇನ್ಸ್‌ಪೆಕ್ಟರು ಮಾರ್ಚ್‌ನಲ್ಲಿ ತೆಗೆದ ಫೋಟೋ ನನ್ನ ಕಡೆ ತಳ್ಳಿದಳು.

‘ಬೋರ್ಡು ಓದೋಕೆ ಬರುತ್ತಲ್ಲ, ಅಜ್ಜ?’

‘ಈಗ ಬರುತ್ತಮ್ಮ. ನಾನು ಬರೆದ ಮೇಲೆ.’

‘ನೀವ್ಯಾರು ಬರೆಯೋಕೆ?’

‘ನಾನ್ಯಾರಾ? ಕೆಳಗೆ ತಕರಾರು ವಿಭಾಗ ಅಂತ ಬೋರ್ಡಿದೆಯಲ್ಲ, ಅದನ್ನ ಬರೆದವನು.’

‘ಅದು ಪ್ಲಾಸ್ಟಿಕ್ಕು ಕಣ್ರೀ. ಅಂಟಿಸಿರೋದು.’

‘ಅದರ ಹಿಂದೆ ಇದೆಯಮ್ಮ, ನನ್ನದು.’

ನಗಬೇಡ. ನಗುತ್ತಿಲ್ಲ ಎಂದು ಗೊತ್ತು.

ಆಗ ಒಳಗೆ ಬಂದ ನೋಡು, ಅವರು ಕರೆಸಿದ್ದ ಬೋರ್ಡಿನ ಗುತ್ತಿಗೆದಾರ. ಬೆರಳಿಗೊಂದು ಉಂಗುರ. ‘ಮೇಡಂ, ಆ ಬೀದಿಯ ಬೋರ್ಡುಗಳನ್ನೆಲ್ಲ ನಾನು ಜನವರಿಯಲ್ಲೇ ಬರೆಸಿ ಮುಗಿಸಿದೀನಿ’ ಅಂದ, ರೆಪ್ಪೆ ಹೊಡೆಯದೆ. ಮಗಳೇ, ಅವನ ಆಳುಗಳು ಆ ಬೀದಿಗೆ ಏಣಿಯ ನೆರಳೂ ತಂದಿಲ್ಲ. ಜನವರಿಯಲ್ಲಿ ಬರೆಸಿದೆ ಎಂದು ದುಡ್ಡು ಎತ್ತಿ ಕೂತಿದ್ದ. ಅವನ ಸುಳ್ಳನ್ನು ಫೆಬ್ರವರಿಯಲ್ಲಿ ನಾನು ಹೋಗಿ ನಿಜ ಮಾಡಿ ಬಂದಿದ್ದೆ, ಎರಡು ಕೋಟು ಬಣ್ಣದಲ್ಲಿ.

ನನ್ನ ಸಾಕ್ಷಿಗೆ ಸ್ಟುಡಿಯೋದವನನ್ನು ಕರೆದುಕೊಂಡು ಹೋಗಿದ್ದೆ. ‘ತುಕ್ಕು ಹಿಡಿದಿತ್ತು ಮೇಡಂ, ನಾನೇ ಕಣ್ಣಾರೆ ನೋಡಿದೆ’ ಅಂದ.

‘ಫೋಟೋ ತೆಗೆದ್ಯಾ?’

‘ತೆಗೆಯೋಕೆ ಹೋದೆ. ಇವರೇ ಬೇಡ ಅಂದ್ರು.’

‘ಯಾಕೆ?’

ಅವನು ನನ್ನ ಮುಖ ನೋಡಿ, ತಲೆ ತಗ್ಗಿಸಿ, ‘ನೋಡೋಕೆ ಚೆನ್ನಾಗಿಲ್ಲ ಅಂತ’ ಅಂದ.

ಆಮೇಲೆ ನನಗೆ ತಡೆಯಲಾಗಲಿಲ್ಲ. ‘ಒಂದು ಕಾಗದ ಕೊಡಿ, ಅದೇ ಅಕ್ಷರ ಇಲ್ಲೇ ಬರೆದು ತೋರಿಸ್ತೀನಿ, ಆಗ ನಂಬ್ತೀರೋ ಇಲ್ಲವೋ’ ಎಂದು ಡಬ್ಬಿ ಬಿಚ್ಚಿದೆ. ಹಳೆಯ ರಟ್ಟಿನ ಮೇಲೆ ಬರೆದೆ. ಗುಮಾಸ್ತರೆಲ್ಲ ಮೇಜಿನ ಸುತ್ತ ಬಂದು ನಿಂತರು. ಫೋಟೋ ಪಕ್ಕದಲ್ಲಿಟ್ಟು ನೋಡಿದರು. ಕೂದಲೆಳೆ ವ್ಯತ್ಯಾಸವಿಲ್ಲ. ಆ ಅಮ್ಮ ಕನ್ನಡಕ ತೆಗೆದು, ‘ನಿಜ. ಬರೆದಿದ್ದು ನೀವೇ’ ಅಂದಳು. ನನ್ನ ಎದೆ ಇಷ್ಟಗಲ ಆಯಿತು.

ಆಗ ಅವಳು ಕೇಳಿದಳು: ‘ಆದರೆ ಇವರ ಹತ್ತಿರ ಕೂಲಿಗೆ ಜನವರಿಯಲ್ಲಿ ಬರೆದಿರಬಹುದಲ್ಲ?’

ಗುತ್ತಿಗೆದಾರ ತಡಮಾಡಲಿಲ್ಲ. ‘ಹೌದು ಮೇಡಂ, ಈಗ ಮುಖ ನೋಡಿ ನೆನಪಾಯ್ತು. ಈ ಅಜ್ಜನೇ ಬರೆದಿದ್ದು.’

ಎಷ್ಟು ಕೂಗಾಡಿದೆನೋ ನನಗೇ ಗೊತ್ತಿಲ್ಲ. ಆ ಅಮ್ಮ ಎಲ್ಲ ಕೇಳಿಸಿಕೊಂಡು ಮೆತ್ತಗೆ ಹೇಳಿದಳು, ‘ಅಜ್ಜ, ಅಪ್ಪಣೆ ಇಲ್ಲದೆ ನಗರಸಭೆ ಬೋರ್ಡು ಮುಟ್ಟಿದರೆ ಅದು ಬೇರೆ ಕೇಸು. ಕೂಲಿಗೆ ಬರೆದೆ ಅಂದ್ರೆ ನಿಮಗೇ ಒಳ್ಳೇದು.’ ಬೇರೆ ಕೇಸೇ ಹಾಕಿ ಅಂದೆ. ಅದನ್ನು ಅವಳು ಬರೆದುಕೊಳ್ಳಲಿಲ್ಲ. ತಕರಾರು ವಜಾ ಎಂದು ಬರೆದುಕೊಂಡಳು.

ಮೆಟ್ಟಿಲಿಳಿಯುವಾಗ ಗುತ್ತಿಗೆದಾರ ಹಿಂದೆಯೇ ಬಂದು, ‘ಇನ್ನೂ ಮೂರು ಬೀದಿ ಇದೆ ಅಜ್ಜ, ಬರ್ತೀರಾ?’ ಅಂದ. ನಾನು ಏನು ಹೇಳಿದೆ ಎನ್ನುವುದನ್ನು ಹೆಣ್ಣುಮಗಳಿಗೆ ಬರೆಯಲಾಗುವುದಿಲ್ಲ.

ಮೇಲ್ಮನವಿ ಅಂತ ಒಂದಿದೆ. ಅದಕ್ಕೆ ಹೊಸ ಸಾಕ್ಷಿ ಬೇಕಂತೆ.

ನಿನ್ನ ಮಾವ


ಜೂನ್ ೨೮

ಮಾವನವರಿಗೆ ನಮಸ್ಕಾರ.

ನಿಮ್ಮ ಪತ್ರಗಳೆಲ್ಲ ಬಂದಿವೆ. ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ.

ಪರವಾನಗಿ ಮೇ ತಿಂಗಳ ಮೊದಲ ವಾರದಲ್ಲೇ ಹೋಯಿತು. ಶಾಲೆಯವರು ಬೇರೆ ಗಾಡಿ ಗೊತ್ತು ಮಾಡಿಕೊಂಡರು. ವ್ಯಾನು ಮಾರಿದೆ. ತೆಗೆದುಕೊಂಡವನು ಕೋಳಿ ಸಾಗಿಸುತ್ತಾನಂತೆ, ಸೀಟುಗಳನ್ನು ನಮ್ಮ ಮನೆಯ ಮುಂದೆಯೇ ಬಿಚ್ಚಿ ಹೋದ. ಈಗ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸ. ಹೊಸಬರಿಗೆ ಮೊದಲ ಆರು ತಿಂಗಳು ರಜೆ ಇಲ್ಲ.

ಅಮ್ಮನಿಗೆ ಮೇ ತಿಂಗಳ ಸೂಜಿ ತಪ್ಪಿತು. ಈ ತಿಂಗಳದ್ದೂ ತಪ್ಪಿತು. ಕಣ್ಣು ಇನ್ನಷ್ಟು ಮಂಜಾದದ್ದನ್ನು ಹೇಳದೆ ಅಡಗಿಸಿಟ್ಟಿದ್ದಾಳೆ. ಆದರೆ ಮೊನ್ನೆ ನನ್ನ ತಟ್ಟೆಯ ಪಕ್ಕಕ್ಕೆ, ನೆಲಕ್ಕೆ ಸಾರು ಬಡಿಸಿದಳು.

ಜುಲೈನಿಂದ ಬಸ್ಸಿನಲ್ಲಿ ಕಳಿಸುತ್ತೇನೆ. ಕಂಡಕ್ಟರಿಗೆ ಹೇಳಿ ಕೂರಿಸುತ್ತೇನೆ. ನೀವು ನಿಲ್ದಾಣಕ್ಕೆ ಬಂದು ಇಳಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಉಪಕಾರವಾಗುತ್ತದೆ. ಆಗದಿದ್ದರೆ ತಿಳಿಸಿ, ಬೇರೆ ಏನಾದರೂ ಯೋಚಿಸುತ್ತೇನೆ.

ಇತಿ,
ನಿಮ್ಮ ಸೊಸೆ


ಜುಲೈ ೧೫

ಮಗಳೇ,

ಈ ಸಲದ ನಿನ್ನ ಪತ್ರದಲ್ಲಿ ನೀನು ನನ್ನನ್ನು ‘ನೀವು’ ಎಂದಿದ್ದೀಯ. ಹುಟ್ಟಿದಾಗಿನಿಂದ ಅಂದದ್ದಿಲ್ಲ. ಸರಿ.

ಅಕ್ಕ ಕ್ಷೇಮವಾಗಿ ಬಂದು ಹೋದಳು. ಬಸ್ಸಿನಿಂದ ಇಳಿಯುವಾಗ ಕೊನೆಯ ಮೆಟ್ಟಿಲಿಗೆ ಕಾಲು ಹುಡುಕಿದಳು. ನಾನು ಕೈ ಕೊಟ್ಟರೆ, ‘ಬಿಡೋ, ನಾನೇನು ನಿನ್ನ ಏಣಿಯಾ’ ಅಂದಳು. ಆದರೂ ಕೈ ಬಿಡಲಿಲ್ಲ. ಆಟೋದವನು ಪಕ್ಕದ ಬಾಗಿಲಿಗೆ ಬರಲಿಲ್ಲ. ‘ಅಲ್ಲಿ ಬೋರ್ಡು ಹಾಕಿದ್ದಾರೆ ಅಣ್ಣ, ದಂಡ ಬೀಳುತ್ತೆ’ ಅಂದ. ಬೀದಿಯ ತುದಿಯಲ್ಲೇ ಇಳಿದು ನಡೆದೆವು.

ಬೋರ್ಡಿನ ಕೆಳಗೆ ಬಂದಾಗ ಅವಳು ನಿಂತಳು. ‘ಇದೇನೋ ನಿನ್ನ ಘನಕಾರ್ಯ?’ ಎಂದು ತಲೆ ಎತ್ತಿ ಓದಿದಳು. ಮೊದಲ ಸಾಲು ಓದಿದಳು. ಎರಡನೆಯದನ್ನು ಸ್ವಲ್ಪ ಓರೆಯಾಗಿ ತಿರುಗಿ ಓದಿದಳು. ಮೂರನೆಯದಕ್ಕೆ ಬಂದು ಕಣ್ಣು ಕಿರಿದು ಮಾಡಿದಳು. ‘ಬಿಸಿಲು ಹೊಡೀತಿದೆ, ನಡಿ’ ಅಂದಳು.

ಮೋಡ ಮುಚ್ಚಿತ್ತು ಮಗಳೇ.

ಡಾಕ್ಟರಮ್ಮ ಬೈದಳು, ನನ್ನನ್ನೇ ಬೈದಳು. ನಾನು ಎದುರು ಮಾತಾಡಲಿಲ್ಲ ಎಂದರೆ ನೀನು ನಂಬುವುದಿಲ್ಲ. ಹೋದದ್ದು ಹೋಯಿತು, ಉಳಿದದ್ದನ್ನು ನೋಡೋಣ ಎಂದಳು. ಪ್ರತಿ ತಿಂಗಳೂ ನಿಲ್ದಾಣದಲ್ಲಿ ನಾನಿರುತ್ತೇನೆ. ಉಪಕಾರ ಗಿಪಕಾರ ಎಂದು ಬರೆಯಬೇಡ.

ನಿನ್ನ ಮಾವ


ನವೆಂಬರ್ ೧೮

ಮಗಳೇ,

ನೀನು ಕಳಿಸಿದ ಬಿಸ್ಕತ್ತಿನ ಚೂರಿನ ಪೊಟ್ಟಣ ಅಕ್ಕ ತಂದು ಕೊಟ್ಟಳು. ಪೊಟ್ಟಣದ ಮೇಲೆ ‘ಮಾವನಿಗೆ’ ಎಂದು ಬರೆದಿದ್ದೀಯ. ‘ಮಾವನವರಿಗೆ’ ಎಂದಲ್ಲ. ನೋಡಿದೆ.

ಆಸ್ಪತ್ರೆಯ ವಿಷಯ ಡಾಕ್ಟರಮ್ಮ ನಿನಗೆ ಫೋನಿನಲ್ಲೇ ಹೇಳಿದ್ದಾಳಂತೆ. ಇನ್ನು ಸೂಜಿಯಿಂದ ಪ್ರಯೋಜನವಿಲ್ಲ, ಬರುವುದು ಬೇಡ ಎಂದಳು. ಅಕ್ಕ ಆರಾಮವಾಗಿ ಕೇಳಿಸಿಕೊಂಡಳು. ‘ಸದ್ಯ, ಇವನ ಬಡಾಯಿ ಕೇಳೋದು ತಪ್ಪಿತು’ ಅಂದಳು. ಡಾಕ್ಟರಮ್ಮನೂ ನಕ್ಕಳು.

ವಾಪಸು ಬರುವಾಗ ಅದೇ ಬೀದಿ. ಬೇಗ ಬೇಗ ಹೆಜ್ಜೆ ಹಾಕಿದೆ. ಅವಳಿಗೆ ಗೊತ್ತಾಗದ ಹಾಗೆ ದಾಟಿಬಿಡೋಣ ಎಂದು. ಟೀ ಅಂಗಡಿಯ ಒಲೆಯ ಸದ್ದು ಕೇಳಿಯೋ ಏನೋ, ನನ್ನ ತೋಳು ಜಗ್ಗಿ ನಿಲ್ಲಿಸಿದಳು. ‘ಓದೋದು ಬೇಡವೇನೋ?’ ಅಂದಳು.

ಬೋರ್ಡು ಅವಳ ಎಡಕ್ಕಿತ್ತು. ಅವಳು ಬಲಗಡೆಯ ಖಾಲಿ ಗೋಡೆಯ ಕಡೆ ತಲೆ ಎತ್ತಿ ನಿಂತಳು. ಶಾಲೆಯಲ್ಲಿ ನಿಂತು ಓದುವ ಹಾಗೆ ಓದಿದಳು, ಒಂದೊಂದೇ ಸಾಲು.

‘ವಾಹನ ನಿಲ್ಲಿಸಬಾರದು. ಬೆಳಗಿನಿಂದ ಸಂಜೆಯವರೆಗೆ.’ ಆಮೇಲೆ ಸ್ವಲ್ಪ ತಡೆದು, ‘ರೋಗಿಗಳನ್ನು ಇಳಿಸುವ ವಾಹನಗಳಿಗೆ ವಿನಾಯಿತಿ.’

ಓದಿ ನನ್ನ ಕಡೆ ತಿರುಗಿ, ‘ಸರಿಯಾಗಿ ಓದಿದೆನೇನೋ?’ ಅಂದಳು.

‘ಹೂಂ ಅಕ್ಕ, ಹಾಗೇ ಇದೆ’ ಅಂದೆ.

ಮಾವ